ಗುಮಾಸ್ತೆಯ ಕಿರುರೈಲು: ಫ್ರ್ಯಾಂಕ್ ಹಾರ್ನ್‌ಬಿಯ ಬಾಳು

ಹಗಲೆಲ್ಲ ಪರರ ಅಂಗಡಿಯಲ್ಲಿ ಕುಳಿತು ಜಮಾಖರ್ಚು ಬರೆಯುವವನಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈಯೂ ಮನಸ್ಸೂ ದಣಿದಿರುತ್ತವೆ. ಎರಡು ತುತ್ತು ಉಂಡು ಚಾಪೆ ಬಿಚ್ಚಿದರೆ ಸಾಕೆನ್ನಿಸುವುದು ಸಹಜ. ಊರುಬಿಟ್ಟು ಬಂದು ಹೋಟೆಲಿನ ಗಲ್ಲೆಯ ಮೇಲೆ, ಅಡಿಗೆಯ ಒಲೆಯ ಮುಂದೆ, ಕಚೇರಿಯ ಕಡತಗಳ ನಡುವೆ ದುಡಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹಗಲು ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತು ಮುಂದೆ ಬಂದವರನ್ನು ಮುಂಬಯಿಯ ಕನ್ನಡಿಗರು ಬಲ್ಲರು. ದುಡಿಮೆ ಮುಗಿದ ಮೇಲೆ ಉಳಿಯುವ ಆ ಒಂದೆರಡು ತಾಸು ಧಣಿಯದೋ, ನಿದ್ರೆಯದೋ, ನಮ್ಮದೋ ಎಂಬ ಪ್ರಶ್ನೆ ಎಲ್ಲ ಕಾಲದ, ಎಲ್ಲ ದೇಶದ ನೌಕರರಿಗೂ ಒಂದೇ. ಅದಕ್ಕೆ ಒಬ್ಬ ಆಂಗ್ಲ ಗುಮಾಸ್ತೆಯು ತನ್ನ ಬಾಳಿನಿಂದಲೇ ಕೊಟ್ಟ ಉತ್ತರವನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಆತನ ಹೆಸರು ಫ್ರ್ಯಾಂಕ್ ಹಾರ್ನ್‌ಬಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಮಾಂಸವನ್ನು ಆಮದು ಮಾಡುತ್ತಿದ್ದ ವ್ಯಾಪಾರಿಯೊಬ್ಬನ ಬಳಿ ಲೆಕ್ಕ ಬರೆಯುತ್ತಿದ್ದವನು. ತೂತುಗಳುಳ್ಳ ಲೋಹದ ಪಟ್ಟಿಗಳನ್ನು ಬೋಲ್ಟು ನಟ್ಟುಗಳಿಂದ ಜೋಡಿಸಿ ಸೇತುವೆ, ಬಂಡಿ, ಯಂತ್ರಗಳನ್ನು ಕಟ್ಟುವ ಮೆಕ್ಯಾನೋ ಎಂಬ ಆಟಿಕೆ ಆತನ ಸೃಷ್ಟಿ. ಕಿರುರೈಲಿನ ಹವ್ಯಾಸಿಗಳ ಬಾಯಲ್ಲಿ ಇಂದಿಗೂ ಉಳಿದಿರುವ ಹಾರ್ನ್‌ಬಿ ಎಂಬ ಹೆಸರೂ ಆತನದೇ.

ಕಿರುರೈಲಿನ ಹವ್ಯಾಸವೆಂದರೆ ಏನೆಂದು ಅರಿಯದವರಿಗಾಗಿ ಎರಡು ಮಾತು. ನಿಜವಾದ ಹಳಿ, ಎಂಜಿನು, ಡಬ್ಬಿ, ನಿಲ್ದಾಣ, ಸಿಗ್ನಲ್ಲು, ಸುರಂಗಗಳನ್ನು ಗೊತ್ತಾದ ಒಂದು ಪ್ರಮಾಣದಲ್ಲಿ ಕುಗ್ಗಿಸಿ, ಮನೆಯ ಕೋಣೆಯಲ್ಲೋ ಮೇಜಿನ ಮೇಲೆಯೋ ಒಂದು ಪುಟ್ಟ ರೈಲುಮಾರ್ಗವನ್ನೇ ಸ್ಥಾಪಿಸಿ, ವೇಳಾಪಟ್ಟಿಯಂತೆ ಗಾಡಿಗಳನ್ನು ಓಡಿಸುವ ಹವ್ಯಾಸವದು. ಮಕ್ಕಳಷ್ಟೇ ಅಲ್ಲದೆ ತಲೆ ನರೆತ ವಕೀಲರು, ವೈದ್ಯರು, ಗುಮಾಸ್ತೆಗಳು ಕೂಡ ಅದರಲ್ಲಿ ಮುಳುಗಿದ್ದಾರೆ. ಒಬ್ಬನು ಕಂಡುಕೊಂಡ ಉಪಾಯವನ್ನು ಇನ್ನೊಬ್ಬನಿಗೆ ತಿಳಿಸುವುದು ಈ ಹವ್ಯಾಸಿಗಳ ವಾಡಿಕೆ. ಆ ವಾಡಿಕೆಯನ್ನು ಸಾವಿರಾರು ಮನೆಗಳಿಗೆ ಮುಟ್ಟಿಸಿದವರಲ್ಲಿ ಹಾರ್ನ್‌ಬಿಯು ಅಗ್ರಗಣ್ಯನು.

ಹುಟ್ಟು ಮತ್ತು ಬಾಲ್ಯ

ಹಾರ್ನ್‌ಬಿಯು 1863ನೆಯ ಇಸವಿ ಮೇ ತಿಂಗಳ 15ನೆಯ ತಾರೀಖಿನಂದು ಲಿವರ್‌ಪೂಲಿನ ಕಾಪರಸ್ ಹಿಲ್ ಎಂಬ ಬೀದಿಯಲ್ಲಿ ಜನಿಸಿದನು. ತಂದೆ ಜಾನ್ ಆಸ್ವಾಲ್ಡ್ ಹಾರ್ನ್‌ಬಿ ಆಹಾರಸಾಮಗ್ರಿಗಳ ವ್ಯಾಪಾರಿ, ತಾಯಿ ಮಾರ್ಥಾ. ಆ ಬೀದಿಯ ಮಗ್ಗುಲಲ್ಲೇ ಲೈಮ್ ಸ್ಟ್ರೀಟ್ ರೈಲುನಿಲ್ದಾಣ. ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ 1830ರಲ್ಲಿ ತೆರೆದ ರೈಲುಮಾರ್ಗವು ಜಗತ್ತಿನ ರೈಲ್ವೆ ಇತಿಹಾಸದ ಮೊದಲ ಪುಟಗಳಲ್ಲಿ ಬರುವಂಥದು. ಹೀಗೆ ಹೊಗೆಬಂಡಿಯ ಕೂಗು, ಬಂದರಿನ ಹಡಗುಗಳು, ಸರಕನ್ನೆತ್ತುವ ಕ್ರೇನುಗಳು ಆ ಊರಿನ ಮಕ್ಕಳಿಗೆ ನಿತ್ಯದ ನೋಟವಾಗಿದ್ದವು.

ಹುಡುಗನು ಓದಿನಲ್ಲಿ ಹೆಸರು ಮಾಡಿದವನಲ್ಲ. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ವ್ಯಾಪಾರದಲ್ಲಿಯೇ ನಗದು ಗುಮಾಸ್ತೆಯಾಗಿ ಕುಳಿತನು. ಯಂತ್ರಶಾಸ್ತ್ರದಲ್ಲಿ ಆತನಿಗೆ ಯಾವ ಪದವಿಯೂ ಇರಲಿಲ್ಲ, ಯಾವ ಗುರುವೂ ಇರಲಿಲ್ಲ. ಇದ್ದುದು ಕುತೂಹಲವೊಂದೇ. ಸ್ವಂತ ಪರಿಶ್ರಮದಿಂದ ಮೇಲೆ ಬಂದವರ ಕಥೆಗಳನ್ನು ಹೇಳುವ ಸ್ಯಾಮ್ಯುಅಲ್ ಸ್ಮೈಲ್ಸನ ಪುಸ್ತಕವು ಅಂದಿನ ಅನೇಕ ಯುವಕರ ಕೈಯಲ್ಲಿದ್ದಂತೆ ಆತನ ಕೈಯಲ್ಲಿಯೂ ಇತ್ತು. ಒಮ್ಮೆ ಚಾಲನೆ ಕೊಟ್ಟರೆ ಎಂದಿಗೂ ನಿಲ್ಲದ ಯಂತ್ರವನ್ನು ಮಾಡುವ ಹುಚ್ಚೂ ಆತನನ್ನು ಕೆಲಕಾಲ ಕಾಡಿತ್ತು. ಅಂಥ ಯಂತ್ರವನ್ನು ಯಾರೂ ಮಾಡಲಾರರು; ಆತನೂ ಮಾಡಲಿಲ್ಲ. ಆದರೆ ಕೈಗೆ ಉಪಕರಣ ಹಿಡಿಯುವ ಅಭ್ಯಾಸ ಉಳಿಯಿತು.

1887ರ ಜನವರಿಯಲ್ಲಿ ಆತನು ಕ್ಲಾರಾ ಗಾಡ್‌ಫ್ರಾಯ್ ಎಂಬ ಶಾಲಾ ಉಪಾಧ್ಯಾಯಿನಿಯನ್ನು ಮದುವೆಯಾದನು. ರೋಲೆಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳೂ ಪೆಟ್ರೀಷಿಯಾ ಎಂಬ ಮಗಳೂ ಹುಟ್ಟಿದರು. 1899ರಲ್ಲಿ ತಂದೆ ತೀರಿಕೊಂಡು ಮನೆಯ ವ್ಯಾಪಾರ ಮುಚ್ಚಿತು. ಮೂವತ್ತಾರರ ಪ್ರಾಯದಲ್ಲಿ, ಸಂಸಾರವನ್ನು ಹೊತ್ತವನು, ಡೇವಿಡ್ ಹ್ಯೂ ಎಲಿಯಟ್ ಎಂಬ ಮಾಂಸದ ಆಮದು ವ್ಯಾಪಾರಿಯ ಬಳಿ ಲೆಕ್ಕಪತ್ರದ ನೌಕರಿಗೆ ಸೇರಿದನು.

ಸಂಜೆಯ ಕಾರ್ಖಾನೆ

ಆ ದಿನಗಳಲ್ಲಿಯೇ ಹಾರ್ನ್‌ಬಿಯು ಮನೆಯಲ್ಲಿ ಮಕ್ಕಳಿಗಾಗಿ ಆಟದ ಸಾಮಾನುಗಳನ್ನು ಮಾಡತೊಡಗಿದನು. ಲೋಹದ ತಗಡನ್ನು ಕತ್ತರಿಸಿ ಸೇತುವೆ, ಲಾರಿ, ಕ್ರೇನು ಮುಂತಾದುವನ್ನು ಕಟ್ಟುವುದು. ಮಕ್ಕಳು ನಾಲ್ಕು ದಿನ ಆಡಿ ಬೇಸತ್ತರೆ ಮತ್ತೊಂದನ್ನು ಮಾಡುವುದು. ತೊಂದರೆಯೆಂದರೆ, ಸೇತುವೆಗೆಂದು ಕತ್ತರಿಸಿದ ತುಂಡು ಕ್ರೇನಿಗೆ ಹೊಂದುತ್ತಿರಲಿಲ್ಲ. ಪ್ರತಿಯೊಂದು ಹೊಸ ಆಟಿಕೆಗೂ ಹೊಸ ತಗಡು, ಹೊಸ ಶ್ರಮ. ದುಡಿದು ಬಂದ ಗುಮಾಸ್ತೆಗೆ ಸಿಗುತ್ತಿದ್ದ ಸಂಜೆಯಾದರೋ ಅಲ್ಪ.

ಪರಿಹಾರವು ರೈಲಿನಲ್ಲಿ ಹೊಳೆಯಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ ಬಂಧುಗಳ ಊರಿಗೆ ಪ್ರಯಾಣ ಮಾಡುತ್ತಿದ್ದಾಗ, ಮಕ್ಕಳಿಗೆ ಕಟ್ಟಿಕೊಡಬೇಕೆಂದಿದ್ದ ಕ್ರೇನಿನ ವಿಚಾರ ಆತನ ಮನಸ್ಸಿನಲ್ಲಿತ್ತಂತೆ. ಪ್ರತಿಯೊಂದು ತುಂಡನ್ನೂ ಒಂದೇ ಕೆಲಸಕ್ಕೆ ಕತ್ತರಿಸುವ ಬದಲು, ಎಲ್ಲ ಪಟ್ಟಿಗಳಲ್ಲಿಯೂ ಸಮಾನ ಅಂತರದಲ್ಲಿ ಒಂದೇ ಅಳತೆಯ ತೂತುಗಳನ್ನು ಕೊರೆದರೆ ಯಾವ ಪಟ್ಟಿಯನ್ನಾದರೂ ಯಾವುದರೊಡನೆಯಾದರೂ ಜೋಡಿಸಬಹುದಲ್ಲವೇ ಎಂಬ ಯೋಚನೆ ಬಂದಿತು. ಇಂದು ಸೇತುವೆಯಾದುದು ನಾಳೆ ಬಿಚ್ಚಿಕೊಂಡು ಕ್ರೇನಾಗುವುದು. ಒಂದು ತುಂಡೂ ವ್ಯರ್ಥವಾಗದು.

ಆತನು ಗೊತ್ತುಮಾಡಿದ ಅಳತೆ ಸರಳವಾದುದು. ಪಟ್ಟಿಯ ಅಗಲ ಅರ್ಧ ಅಂಗುಲ. ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಅರ್ಧ ಅಂಗುಲ. ಹೀಗಾಗಿ 12½ ಅಂಗುಲದ ಪಟ್ಟಿಯಲ್ಲಿ 25 ತೂತು, 5½ ಅಂಗುಲದ್ದರಲ್ಲಿ 11, 2½ ಅಂಗುಲದ್ದರಲ್ಲಿ 5. ಮೂರು ಪಟ್ಟಿಗಳನ್ನು ತೆಗೆದುಕೊಂಡು ತೂತುಗಳ ನಡುವಿನ ಅಂತರವನ್ನು ಮೂರು, ನಾಲ್ಕು, ಐದು ಎಂದು ಎಣಿಸಿ ತ್ರಿಕೋನವಾಗಿ ಬಿಗಿದರೆ, ಮಟ್ಟಗೋಲಿಲ್ಲದೆಯೇ ಕರಾರುವಾಕ್ಕಾದ ಲಂಬಕೋನ ದೊರೆಯುತ್ತದೆ. ರೇಖಾಗಣಿತವನ್ನು ಕಲಿಯದ ಹುಡುಗನ ಕೈಗೂ ಅದು ತಾನಾಗಿ ಬರುತ್ತದೆ. ದಿನವೂ ಒಂದೇ ಅಂಕಣದಲ್ಲಿ ಸಾಲುಸಾಲಾಗಿ ಅಂಕೆ ಬರೆದು, ಎಲ್ಲಿಂದ ಎಲ್ಲಿಗೆ ಕೂಡಿದರೂ ತಾಳೆಯಾಗುವಂತೆ ನೋಡಿಕೊಳ್ಳುವವನಿಗೆ ಇಂಥ ಯೋಚನೆ ಹೊಳೆದುದು ನಮಗೆ ಆಶ್ಚರ್ಯವೆನಿಸುವುದಿಲ್ಲ. ಲೆಕ್ಕದವನ ಬುದ್ಧಿಯನ್ನು ಆತನು ತಗಡಿಗೆ ಇಳಿಸಿದನು ಅಷ್ಟೆ.

ಐದು ಪೌಂಡಿನ ಸಾಲ

ಯೋಚನೆಯೇನೋ ಬಂದಿತು. ಅದನ್ನು ಪರರು ಅಪಹರಿಸದಂತೆ ಸರ್ಕಾರದಲ್ಲಿ ದಾಖಲು ಮಾಡಿಸಿ ಪೇಟೆಂಟು ಪಡೆಯಲು ಹಣವಿರಲಿಲ್ಲ. ಬೇಕಾಗಿದ್ದುದು ಐದು ಪೌಂಡು. ಗುಮಾಸ್ತೆಯು ತನ್ನ ಧಣಿ ಎಲಿಯಟ್ಟನನ್ನೇ ಕೇಳಿದನು, ಎಲಿಯಟ್ಟನು ಕೊಟ್ಟನು. 1901ರ ಜನವರಿ 9ರಂದು ಅರ್ಜಿ ಸಲ್ಲಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಪೇಟೆಂಟು ಮಂಜೂರಾಯಿತು. ಮಕ್ಕಳಿಗೂ ಯುವಕರಿಗೂ ಬೇಕಾದ ಆಟದ ಅಥವಾ ಶಿಕ್ಷಣದ ಸಾಧನದಲ್ಲಿ ಸುಧಾರಣೆಯೆಂದು ಆ ಪತ್ರದಲ್ಲಿ ಅದರ ವರ್ಣನೆ.

ಹಾರ್ನ್‌ಬಿಯು ತನ್ನ ಪಟ್ಟಿಗಳನ್ನು ಹಿಡಿದು ಆಟಿಕೆ ತಯಾರಕರ ಬಾಗಿಲುಗಳನ್ನು ತಟ್ಟಿದನು. ನೋಡಲು ಅಂದವಿಲ್ಲದ ತೂತುಪಟ್ಟಿಗಳನ್ನು ಕಂಡು ಯಾರೂ ಉತ್ಸಾಹ ತೋರಲಿಲ್ಲ. ಆಗಲೂ ಕೈಹಿಡಿದವನು ಎಲಿಯಟ್ಟನೇ. ಜೇಮ್ಸ್ ಸ್ಟ್ರೀಟಿನಲ್ಲಿ ತನ್ನ ಕಚೇರಿಯ ಪಕ್ಕದಲ್ಲಿ ಖಾಲಿಯಿದ್ದ ಜಾಗವನ್ನು ಬಿಟ್ಟುಕೊಟ್ಟು, ಪಾಲುದಾರನೂ ಆದನು. ನೌಕರನು ಬಿಡುವಿನ ವೇಳೆಯಲ್ಲಿ ಬೇರೊಂದು ಕೆಲಸ ಮಾಡಿದರೆ ಹುಬ್ಬುಗಂಟಿಕ್ಕುವ ಧಣಿಗಳೇ ಲೋಕದಲ್ಲಿ ಹೆಚ್ಚು. ಎಲಿಯಟ್ಟನು ಆ ಜಾತಿಯವನಾಗಿರಲಿಲ್ಲ. ಹಾರ್ನ್‌ಬಿಯ ಕೀರ್ತಿಯನ್ನು ಹೇಳುವವರು ಆತನನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ.

1902ರಲ್ಲಿ ಸರಕು ಪೇಟೆಗೆ ಬಂದಿತು. ಮೆಕ್ಯಾನೋ ಎಂಬ ಹೆಸರು ಇನ್ನೂ ಇರಲಿಲ್ಲ. ಯಂತ್ರವಿದ್ಯೆಯನ್ನು ಸುಲಭಗೊಳಿಸಿದ್ದು ಎಂಬರ್ಥದ ಮೆಕ್ಯಾನಿಕ್ಸ್ ಮೇಡ್ ಈಸಿ ಎಂಬುದು ಅದರ ಹೆಸರು. ಪೆಟ್ಟಿಗೆಯಲ್ಲಿ ಹದಿನಾರು ಬಗೆಯ ಬಿಡಿಭಾಗಗಳು, ಹನ್ನೆರಡು ಮಾದರಿಗಳನ್ನು ಕಟ್ಟುವ ವಿಧಾನವನ್ನು ತಿಳಿಸುವ ಒಂದು ಹಾಳೆ. ಬೆಲೆ ಏಳೂವರೆ ಷಿಲಿಂಗು. ಕೂಲಿಯವನ ಮನೆಗೆ ಸುಲಭವಾಗಿ ನಿಲುಕುವಂಥದಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲ್-ಷಾ ಅದನ್ನು ಮೆಚ್ಚಿ ಪ್ರಶಂಸಾಪತ್ರವನ್ನು ಕೊಟ್ಟನು. ಪಟ್ಟಿ ಕಟ್ಟಲು ಕಲಿತಿರದ ಗುಮಾಸ್ತೆಯ ಕೆಲಸಕ್ಕೆ ಪಂಡಿತನ ಮುದ್ರೆ ಬಿದ್ದಂತಾಯಿತು.

ಆದರೂ ಲಾಭ ಕಾಣಲಿಲ್ಲ. 1903ರಲ್ಲಿ ಸುಮಾರು 1,500 ಪೆಟ್ಟಿಗೆಗಳು ಮಾರಾಟವಾದುವು. ಗಂಟು ಮಾತ್ರ ಉಳಿಯಲಿಲ್ಲ. ಹಾರ್ನ್‌ಬಿಯು ಹೊಸ ಹೊಸ ಬಿಡಿಭಾಗಗಳನ್ನು ಸೇರಿಸುತ್ತ, ಪೆಟ್ಟಿಗೆಯ ಅಂದವನ್ನು ತಿದ್ದುತ್ತ, ಹಗಲು ಎಲಿಯಟ್ಟನ ಲೆಕ್ಕವನ್ನು ಬರೆಯುತ್ತ ಐದು ವರ್ಷ ಕಳೆದನು. ಮೊದಲ ಸಣ್ಣ ಲಾಭ ಬಂದುದು 1906ರಲ್ಲಿ. 1907ರಲ್ಲಿ ಆತನು ನೌಕರಿಯನ್ನು ಬಿಟ್ಟು ಡ್ಯೂಕ್ ಸ್ಟ್ರೀಟಿನಲ್ಲಿ ಸ್ವಂತ ಕಾರ್ಖಾನೆಯನ್ನು ಹೂಡಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೆಕ್ಯಾನೋ ಎಂಬ ಹೆಸರು ನೋಂದಣಿಯಾಯಿತು. ಆಗ ಆತನಿಗೆ ನಲವತ್ತನಾಲ್ಕು ವರ್ಷ. ಹಸಿವಿನ ಭಯದಿಂದ ನೌಕರಿಗೆ ಅಂಟಿಕೊಂಡವನೆಂದಾಗಲಿ, ಉತ್ಸಾಹದ ಭರದಲ್ಲಿ ನೌಕರಿಗೆ ತಿಲಾಂಜಲಿಯಿತ್ತವನೆಂದಾಗಲಿ ಆತನನ್ನು ಹೇಳಲಾಗದು. ಲೆಕ್ಕ ತಾಳೆಯಾಗುವವರೆಗೆ ಕಾದು, ತಾಳೆಯಾದೊಡನೆ ಎದ್ದನು.

1908ರಲ್ಲಿ ಮೆಕ್ಯಾನೋ ಲಿಮಿಟೆಡ್ ಕಂಪನಿ ಸ್ಥಾಪನೆಯಾಗುವ ಹೊತ್ತಿಗೆ ಎಲಿಯಟ್ಟನು ಪಾಲುದಾರಿಕೆಯಿಂದ ಹೊರಬಂದಿದ್ದನು. ದೊಡ್ಡ ಲಾಭವೆಲ್ಲ ಬಂದುದು ಆನಂತರ. ಬಿತ್ತನೆಗೆ ಬೀಜ ಕೊಟ್ಟವನು ಸುಗ್ಗಿಯ ಕಾಲಕ್ಕೆ ಹೊಲದಲ್ಲಿರಲಿಲ್ಲ. ಲೋಕದ ಲೆಕ್ಕದಲ್ಲಿ ಇಂಥ ಬಾಕಿಗಳು ಎಷ್ಟೋ ಉಳಿದುಹೋಗುತ್ತವೆ.

ಹುಡುಗರ ಪತ್ರಿಕೆ

ಮಾರಾಟ ಬೆಳೆಯಿತು. ಪ್ಯಾರಿಸ್, ಬರ್ಲಿನ್‌ಗಳಲ್ಲಿ ಕಚೇರಿಗಳು ತೆರೆದುವು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ತನ್ನ ಹಕ್ಕಿನ ವಿಷಯದಲ್ಲಿ ಹಾರ್ನ್‌ಬಿಯು ಸಡಿಲ ಬಿಡುವವನಾಗಿರಲಿಲ್ಲ; ಅನುಕರಿಸಿದವರ ಮೇಲೆ ಅಮೆರಿಕದ ಓಹಿಯೋ ಪ್ರಾಂತದ ನ್ಯಾಯಾಲಯದವರೆಗೂ ಕಂಪನಿಯು ವ್ಯಾಜ್ಯ ನಡೆಸಿತು.

ಪಟ್ಟಿಯನ್ನು ಹೀಗೆ ಬಿಗಿಹಿಡಿದವನು, ಪಟ್ಟಿಯಿಂದ ಕಟ್ಟುವ ವಿದ್ಯೆಯನ್ನು ಮಾತ್ರ ಧಾರಾಳವಾಗಿ ಬಿಚ್ಚಿದನು. ಇದು ಆತನ ಬಾಳಿನ ಮುಖ್ಯ ಸಂಗತಿಯೆಂದು ನಾವು ಭಾವಿಸುತ್ತೇವೆ. ಹುಡುಗರು ತಾವೇ ಕಲ್ಪಿಸಿ ಕಟ್ಟಿದ ಮಾದರಿಗಳಿಗೆ ಕಂಪನಿಯು ಬಹುಮಾನಗಳನ್ನು ಏರ್ಪಡಿಸಿತು. ಗೆದ್ದ ಮಾದರಿಗಳನ್ನು ಅಚ್ಚು ಹಾಕಿಸಿ ಎಲ್ಲರಿಗೂ ದೊರೆಯುವಂತೆ ಮಾಡಿತು. 1916ರಲ್ಲಿ ಮೆಕ್ಯಾನೋ ಮ್ಯಾಗಜೀನ್ ಎಂಬ ಪತ್ರಿಕೆ ಕೆಲವೇ ಪುಟಗಳಿಂದ ಆರಂಭವಾಯಿತು. ಊರೂರುಗಳಲ್ಲಿ ತಾವಾಗಿ ಹುಟ್ಟಿಕೊಂಡಿದ್ದ ಹುಡುಗರ ಕೂಟಗಳನ್ನು ಒಟ್ಟುಗೂಡಿಸಿ 1919ರಲ್ಲಿ ಮೆಕ್ಯಾನೋ ಗಿಲ್ಡ್ ಎಂಬ ಸಂಘವನ್ನು ಕಟ್ಟಲಾಯಿತು.

ಇದರಲ್ಲಿ ವ್ಯಾಪಾರದ ಜಾಣತನವಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಹೊಸ ಮಾದರಿಯನ್ನು ಕಂಡ ಹುಡುಗನು ಹೊಸ ಬಿಡಿಭಾಗವನ್ನು ಕೊಳ್ಳಬೇಕಾಗುತ್ತಿತ್ತು. ಆದರೆ ಇನ್ನೊಂದು ಸತ್ಯವೂ ಇದೆ. ತೂತುಗಳ ಅಂತರ ಎಲ್ಲೆಡೆಯೂ ಒಂದೇ ಆದುದರಿಂದ, ಒಂದು ದೇಶದ ಹುಡುಗನು ಕಟ್ಟಿದ ಕ್ರೇನನ್ನು ಮತ್ತೊಂದು ದೇಶದ ಹುಡುಗನು ತೂತೆಣಿಸಿ ಹಾಗೆಯೇ ಕಟ್ಟಬಹುದಾಗಿತ್ತು. ಅಳತೆ ಒಂದಾದುದರಿಂದಲೇ ವಿದ್ಯೆ ಕೈಯಿಂದ ಕೈಗೆ ಹರಿಯಿತು. ಒಂದು ಕೊರತೆಯನ್ನೂ ಹೇಳಬೇಕು: ಪತ್ರಿಕೆಯೂ ಸಂಘವೂ ಮಾತನಾಡಿದ್ದು ಮುಖ್ಯವಾಗಿ ಗಂಡುಹುಡುಗರೊಡನೆ. ಹೆಣ್ಣುಮಕ್ಕಳಿಗೂ ಕೈಯುಂಟು, ಬುದ್ಧಿಯುಂಟು ಎಂಬುದು ಆ ಕಾಲದ ವ್ಯಾಪಾರಿಗಳಿಗೆ ತೋರಲಿಲ್ಲ.

ತಗಡಿನ ರೈಲು

ಕಿರುರೈಲನ್ನು ಹಾರ್ನ್‌ಬಿಯೇ ಮೊದಲು ಮಾಡಿದನೆಂದು ತಿಳಿಯಬಾರದು. ಜರ್ಮನಿಯ ಮೆರ್ಕ್‌ಲಿನ್ ಕಂಪನಿಯು 1891ರ ಲೈಪ್ಸಿಗ್ ಸಂತೆಯಲ್ಲಿಯೇ ಗೊತ್ತಾದ ಗೇಜುಗಳ ಹಳಿಗಳನ್ನು ಪ್ರದರ್ಶಿಸಿತ್ತು. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಎಂಬಾತನು ಅಂದವಾದ ಕಿರುರೈಲುಗಳನ್ನು ಮಾರುತ್ತಿದ್ದನು. ಲಂಡನ್ನಿನಲ್ಲಿ ಹವ್ಯಾಸಿಗಳ ಸಂಘವೊಂದು 1910ರಲ್ಲಿ ಹುಟ್ಟಿತ್ತು. ಆದರೆ ಒಳ್ಳೆಯ ಕಿರುರೈಲು ಶ್ರೀಮಂತರ ಸೊತ್ತಾಗಿತ್ತು. ಅಗ್ಗದ್ದು ಬಹುಮಟ್ಟಿಗೆ ಜರ್ಮನಿಯಿಂದ ಬರಬೇಕಾಗಿತ್ತು. 1914ರ ಮಹಾಯುದ್ಧವು ಆ ಆಮದನ್ನು ನಿಲ್ಲಿಸಿತು.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ ಹಾರ್ನ್‌ಬಿಯು ತನ್ನ ಮೊದಲ ರೈಲನ್ನು ಹೊರತಂದನು. ಕೀಲಿ ಕೊಟ್ಟರೆ ಓಡುವ ತಗಡಿನ ಎಂಜಿನು. ಮೆಕ್ಯಾನೋ ಪದ್ಧತಿಯನ್ನೇ ಅದಕ್ಕೂ ಅನ್ವಯಿಸಿ, ಭಾಗಗಳನ್ನು ಬೋಲ್ಟು ನಟ್ಟುಗಳಿಂದ ಬಿಗಿದಿದ್ದನು. ಒಂದು ಚಕ್ರ ಮುರಿದರೆ ಇಡೀ ರೈಲನ್ನು ಎಸೆಯಬೇಕಾಗಿರಲಿಲ್ಲ, ಬಿಚ್ಚಿ ಬೇರೊಂದನ್ನು ಹಾಕಿದರೆ ಸಾಕಾಗಿತ್ತು.

ಅದರ ಗೇಜು ಸೊನ್ನೆ ಎಂದು ಹವ್ಯಾಸಿಗಳು ಕರೆಯುವಂಥದು. ಎರಡು ಹಳಿಗಳ ನಡುವೆ 32 ಮಿಲಿಮೀಟರು. ಬ್ರಿಟನ್ನಿನ ನಿಜವಾದ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರು. ನಿಜವಾದ ಒಂದು ಅಡಿಗೆ 7 ಮಿಲಿಮೀಟರಿನಂತೆ, ಅಂದರೆ ಸುಮಾರು ನಲವತ್ತಮೂರೂವರೆ ಪಾಲಿಗೆ, ಕುಗ್ಗಿಸಿದ ಲೆಕ್ಕವದು. ಎಲ್ಲವನ್ನೂ ಈ ಪ್ರಮಾಣದಲ್ಲಿಯೇ ಕುಗ್ಗಿಸಲು ಮಾತ್ರ ಸಾಧ್ಯವಿರಲಿಲ್ಲ. ಹಾರ್ನ್‌ಬಿಯ ದೊಡ್ಡ ತಿರುವಿನ ಹಳಿಯ ತ್ರಿಜ್ಯ 2 ಅಡಿ. ಅದನ್ನು ನಲವತ್ತಮೂರೂವರೆಯಿಂದ ಗುಣಿಸಿದರೆ 87 ಅಡಿ. ಅಷ್ಟು ಬಿರುಸಾದ ತಿರುವಿನಲ್ಲಿ ನಿಜವಾದ ಮೇಲ್ ಗಾಡಿ ಓಡಲಾರದು. ಆದರೆ ಮನೆಯ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ಜಾಗವೆಲ್ಲಿ? ಆದ್ದರಿಂದ ಡಬ್ಬಿಗಳನ್ನು ಗಿಡ್ಡ ಮಾಡಿ, ಚಕ್ರಗಳನ್ನು ಸಡಿಲಗೊಳಿಸಿ, ತಿರುವಿಗೆ ಹೊಂದಿಸಬೇಕಾಯಿತು. ಅಚ್ಚುಕಟ್ಟಿನ ಹವ್ಯಾಸಿಗಳು ಇದನ್ನು ಆಟಿಕೆಯೆಂದು ಹಗುರಾಗಿ ಕಂಡುದೂ ಉಂಟು. ಹಾರ್ನ್‌ಬಿಯ ಲಕ್ಷ್ಯವು ಕರಾರುವಾಕ್ಕಾದ ಪ್ರತಿರೂಪದ ಕಡೆಗಿರಲಿಲ್ಲ. ಸಾಮಾನ್ಯನ ಮನೆಯ ನೆಲದ ಮೇಲೆ ಓಡುವ ರೈಲಿನ ಕಡೆಗಿತ್ತು.

ತಪ್ಪುಗಳೂ ಆದುವು. 1925ರಲ್ಲಿ ಹೊರಬಂದ ಮೊದಲ ವಿದ್ಯುತ್ ರೈಲು, ಲಂಡನ್ನಿನ ಮೆಟ್ರೊಪಾಲಿಟನ್ ಗಾಡಿಯ ಮಾದರಿಯದು, ಮನೆಯ ವಿದ್ಯುತ್ತಿನಿಂದಲೇ ಓಡುತ್ತಿತ್ತು. ನಡುವೆ ತಡೆಯಾಗಿ ಇದ್ದುದು ಒಂದು ವಿದ್ಯುದ್ದೀಪ ಮಾತ್ರ. ಮಕ್ಕಳು ಮುಟ್ಟುವ ಹಳಿಯ ಮೇಲೆ ಅಂಥ ವಿದ್ಯುತ್ತು ಅಪಾಯಕರವೆಂಬುದು ಇಂದು ಯಾರಿಗಾದರೂ ತಿಳಿಯುತ್ತದೆ. ಕಂಪನಿಯು ಆ ಪದ್ಧತಿಯನ್ನು ಕೈಬಿಟ್ಟು ಕಡಿಮೆ ವೋಲ್ಟಿನ ರೈಲುಗಳನ್ನು ತಂದಿತು.

ಕೋಣೆಯೊಳಗಿನ ರೈಲ್ವೆ ಕಂಪನಿ

1928ರಲ್ಲಿ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬುದು ಹುಟ್ಟಿತು. ಹೆಸರು ಕೇಳಿ ವಾಚಕರು ಷೇರುಗಳ ಕಂಪನಿಯೆಂದು ಭ್ರಮಿಸಬಾರದು. ಅದು ಕಿರುರೈಲಿನ ಹವ್ಯಾಸಿ ಹುಡುಗರ ಕೂಟ. ಅದರ ಅಧ್ಯಕ್ಷನು ಹಾರ್ನ್‌ಬಿಯೇ. ಸದಸ್ಯನಾದವನಿಗೆ ಎಂಜಿನ್ನಿನ ಚಿತ್ರವುಳ್ಳ ಬಿಲ್ಲೆ. ಊರೂರುಗಳಲ್ಲಿ ಶಾಖೆಗಳು, ಶಾಖೆಗಳ ವರದಿಗಳು ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುವು.

ಶಾಖೆಯ ಹುಡುಗರು ತಮ್ಮ ತಮ್ಮ ಹಳಿಗಳನ್ನು ತಂದು ಒಂದೆಡೆ ಕೂಡಿಸುತ್ತಿದ್ದರು. ಒಬ್ಬನಲ್ಲಿ ನಾಲ್ಕು ಹಳಿ, ಇನ್ನೊಬ್ಬನಲ್ಲಿ ಒಂದು ಎಂಜಿನು, ಮತ್ತೊಬ್ಬನಲ್ಲಿ ಎರಡು ಡಬ್ಬಿ. ಬಿಡಿಯಾಗಿ ನೋಡಿದರೆ ಯಾರಲ್ಲಿಯೂ ರೈಲುಮಾರ್ಗವಿಲ್ಲ. ಕೂಡಿಸಿದರೆ ಎರಡು ನಿಲ್ದಾಣಗಳ ನಡುವೆ ಗಾಡಿ ಓಡಿತು. ಒಬ್ಬನು ಸ್ಟೇಷನ್ ಮಾಸ್ತರ, ಒಬ್ಬನು ಸಿಗ್ನಲ್ಲಿನವನು, ಒಬ್ಬನು ವೇಳಾಪಟ್ಟಿಯನ್ನು ಬರೆಯುವವನು. ಗಾಡಿ ತಡವಾದರೆ ಯಾರ ತಪ್ಪೆಂದು ವಿಚಾರಣೆ. ನಮ್ಮಲ್ಲಿ ಒಂದೇ ಖೋಲಿಯಲ್ಲಿ ಆರೆಂಟು ಮಂದಿ ಸೇರಿ, ಒಬ್ಬನು ಅಕ್ಕಿ, ಒಬ್ಬನು ಎಣ್ಣೆ, ಒಬ್ಬನು ಸೀಮೆಎಣ್ಣೆಯ ಒಲೆ ತಂದು ಅಡಿಗೆ ಮಾಡಿಕೊಂಡು ಬಾಳಿದವರಿಗೆ ಈ ಲೆಕ್ಕ ಬೇಗನೆ ಅರ್ಥವಾದೀತು.

ಉಪಾಯಗಳ ವಿನಿಮಯವೂ ಹವ್ಯಾಸಿಗಳಲ್ಲಿ ಹೀಗೆಯೇ ಬೆಳೆಯಿತು. ಹುಲ್ಲುಗಾವಲು ಬೇಕೆ? ಗರಗಸದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಒಣಗಿಸಿ, ಗೋಂದು ಬಳಿದ ಹಲಗೆಯ ಮೇಲೆ ಉದುರಿಸಬೇಕು. ಗುಡ್ಡ ಬೇಕೆ? ಹಳೆಯ ಕಾಗದವನ್ನು ನೆನೆಸಿ, ಅಂಟಿನೊಡನೆ ಕಲಸಿ, ತಂತಿಯ ಬಲೆಯ ಮೇಲೆ ಮೆತ್ತಬೇಕು. ಮಾರ್ಗವು ಬಹುದೂರ ಹೋದಂತೆ ತೋರಬೇಕೆ? ಕೊನೆಯಲ್ಲಿ ಸೇತುವೆಯ ಮರೆಗೆ ಒಂದು ಕನ್ನಡಿಯನ್ನು ನಿಲ್ಲಿಸಬೇಕು. ಗಾಡಿ ಹಳಿ ತಪ್ಪುತ್ತಿದೆಯೇ? ಎಂಜಿನ್ನನ್ನು ಬಯ್ಯುವ ಮೊದಲು ಹಳಿಗಳ ಕೂಡುವೆಡೆಯನ್ನು ಬೆರಳಿನಿಂದ ಸವರಿ, ಎತ್ತರತಗ್ಗುಗಳಿವೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದಕ್ಕೂ ಹೆಚ್ಚು ಹಣ ಬೇಕಿಲ್ಲ. ಬೇಕಾದುದು ಮೊದಲು ಮಾಡಿ ನೋಡಿದವನು ಬಾಯಿಬಿಟ್ಟು ಹೇಳುವುದು. ಗುಟ್ಟು ಮಾಡಿಕೊಂಡ ವಿದ್ಯೆ ಒಬ್ಬನ ಕೋಣೆಯಲ್ಲಿಯೇ ಸತ್ತುಹೋಗುತ್ತದೆ. ಅಚ್ಚಾಗಿ ಹೋದ ಉಪಾಯ ಕಾಣದ ಊರಿನ ಕಾಣದ ಹುಡುಗನ ಕೈಯಲ್ಲಿ ಚಿಗುರುತ್ತದೆ.

ಕಿರುರೈಲಿನ ನಿಲ್ದಾಣಗಳ ಸುತ್ತ ನಿಲ್ಲಿಸಲೆಂದು 1930ರ ದಶಕದ ಆರಂಭದಲ್ಲಿ ಜನರ, ವಾಹನಗಳ ಪುಟ್ಟ ಲೋಹದ ಪ್ರತಿಮೆಗಳನ್ನು ಕಂಪನಿಯು ತಯಾರಿಸಿತು. ಆ ಮೋಟಾರುಗಳೇ 1934ರಿಂದ ಡಿಂಕಿ ಟಾಯ್ಸ್ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ಪ್ರಸಿದ್ಧಿಗೆ ಬಂದುವು.

ಕೊನೆಯ ದಿನಗಳು

ಧನವಂತನಾದ ಹಾರ್ನ್‌ಬಿಯು ಲಿವರ್‌ಪೂಲಿನ ಹೊರವಲಯದ ಮಘಲ್ ಎಂಬಲ್ಲಿ ನೆಲೆಸಿದನು. 1931ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಎವರ್ಟನ್ ಕ್ಷೇತ್ರದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೆ ಆರಿಸಿಬಂದನು. 1935ರಲ್ಲಿ ಮತ್ತೆ ಸ್ಪರ್ಧಿಸಲಿಲ್ಲ. ರಾಜಕಾರಣಿಯಾಗಿ ಆತನನ್ನು ಜಗತ್ತು ನೆನೆಯುವುದಿಲ್ಲ. ಹೃದಯದ ಕಾಯಿಲೆಯೂ ಸಿಹಿಮೂತ್ರದ ರೋಗವೂ ಆತನನ್ನು ಕುಗ್ಗಿಸಿದ್ದುವು. 1936ರ ಸೆಪ್ಟೆಂಬರ್ 21ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಆತನು ಕಾಲವಶನಾದನು. ಯಾವ ಮಗನಿಗಾಗಿ ತಗಡು ಕತ್ತರಿಸಲಾರಂಭಿಸಿದ್ದನೋ ಆ ರೋಲೆಂಡನೇ ಕಂಪನಿಯ ಅಧ್ಯಕ್ಷನಾದನು.

ಮರುವರ್ಷ, 1937ರಲ್ಲಿ, ಪ್ರಿನ್ಸೆಸ್ ಎಲಿಜಬೆತ್ ಎಂಬ ಎಂಜಿನ್ನಿನ ಅಂದವಾದ ಪ್ರತಿರೂಪವನ್ನು ಕಂಪನಿಯು ಹೊರತಂದಿತು. ಅದರ ಬೆಲೆ ಐದು ಗಿನಿ, ಅಂದರೆ ಐದು ಪೌಂಡು ಐದು ಷಿಲಿಂಗು. ಮೂವತ್ತಾರು ವರ್ಷಗಳ ಹಿಂದೆ ಪೇಟೆಂಟಿಗಾಗಿ ಹಾರ್ನ್‌ಬಿಯು ಧಣಿಯ ಮುಂದೆ ಕೈಯೊಡ್ಡಿದ ಹಣಕ್ಕಿಂತ ಆ ಒಂದು ಆಟಿಕೆಯ ಬೆಲೆಯೇ ಹೆಚ್ಚಾಗಿತ್ತು. ಸಾಮಾನ್ಯನ ಮನೆಗೆಂದು ಹೊರಟ ರೈಲು ಎಲ್ಲಿಗೆ ಬಂದು ನಿಂತಿತೆಂಬುದನ್ನೂ ಈ ಅಂಕೆ ಸೂಚಿಸುತ್ತದೆ. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೋ ಎಂಬ ಇನ್ನೂ ಚಿಕ್ಕ ರೈಲು, 16.5 ಮಿಲಿಮೀಟರು ಗೇಜಿನದು, ಮೇಜಿನ ಮೇಲೆಯೇ ಒಂದು ಮಾರ್ಗವನ್ನು ಹಿಡಿಸುವಂತೆ ಮಾಡಿತು.

ಕಾಲವು ಯಾವ ಕಾರ್ಖಾನೆಯನ್ನೂ ಬಿಡುವುದಿಲ್ಲ. ಪ್ಲಾಸ್ಟಿಕ್ಕಿನ ಸ್ಪರ್ಧೆಯನ್ನು ತಾಳಲಾರದೆ ಮೆಕ್ಯಾನೋ ಕಂಪನಿಯು 1964ರಲ್ಲಿ ಪರರ ವಶವಾಯಿತು. ಬಿನ್ಸ್ ರೋಡಿನ ಕಾರ್ಖಾನೆ 1979ರಲ್ಲಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು. ಆ ನೌಕರರ ಕಥೆಯೂ ಹಾರ್ನ್‌ಬಿಯ ಕಥೆಯಷ್ಟೇ ಸತ್ಯ. ಹಾರ್ನ್‌ಬಿ ಎಂಬ ಹೆಸರು ಮಾತ್ರ ಬೇರೆಯವರ ಕೈಯಲ್ಲಿ, ಕಿರುರೈಲುಗಳ ಮೇಲೆ, ಉಳಿದುಬಂದಿದೆ.

ಹವ್ಯಾಸವು ಕಾರ್ಖಾನೆಗಿಂತ ಗಟ್ಟಿಯಾದುದು. ಪುಣೆಯಲ್ಲಿರುವ ನಮ್ಮ ವಾಚಕರು ಕೋಥ್ರೂಡಿನ ಜೋಷಿ ಕಿರುರೈಲು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ನೋಡಬಹುದು. 1998ರಲ್ಲಿ ತೆರೆದ ಆ ಸಂಗ್ರಹಾಲಯವು ಒಬ್ಬ ವ್ಯಕ್ತಿಯ ಹವ್ಯಾಸದಿಂದಲೇ ಬೆಳೆದುದು; ಅಲ್ಲಿ ಪುಟ್ಟದೊಂದು ನಗರದ ನಡುವೆ ಕಿರುರೈಲುಗಳು ಓಡುತ್ತವೆ.

ಹಾರ್ನ್‌ಬಿಯು ಕೋಟ್ಯಧೀಶನಾದನೆಂಬುದಕ್ಕಾಗಿ ನಾವು ಈ ಕಥೆಯನ್ನು ಬರೆಯಲಿಲ್ಲ. ಸಂಜೆ ತಗಡು ಕತ್ತರಿಸಿದ ಗುಮಾಸ್ತೆಗಳೆಲ್ಲ ಧನಿಕರಾಗುವುದಿಲ್ಲ, ಆಗಬೇಕೆಂದೂ ಇಲ್ಲ. ತನ್ನ ಮಕ್ಕಳು ನಗಬೇಕೆಂದು ಆತನು ಆ ಎರಡು ತಾಸನ್ನು ಉಳಿಸಿಕೊಂಡನು. ಅದರಲ್ಲಿ ಕಂಡುಕೊಂಡುದು ತನ್ನ ಮನೆಯೊಳಗೇ ಉಳಿಯದಂತೆ ನೋಡಿಕೊಂಡನು. ಆತನು ಗೊತ್ತುಮಾಡಿದ ಅರ್ಧ ಅಂಗುಲದ ಅಂತರ ಮೆಕ್ಯಾನೋ ಪಟ್ಟಿಗಳಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬದಲಾಗದೆ ಬಂದಿದೆ. ಅಜ್ಜನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಪಟ್ಟಿಯೊಂದು ಉಳಿದಿದ್ದರೆ, ಮೊಮ್ಮಗನ ಹೊಸ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬಹುದು; ತೂತಿಗೆ ತೂತು ಎದುರಾಗಿ ನಿಲ್ಲುತ್ತದೆ.